ಆರು ಭಾನುವಾರ, ಮೂರು ಸಾಲು: ಬಾಗಲಕೋಟೆಯ ಒಂದು ಛಂದಸ್ಸಿನ ಕ್ಲಾಸು

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. 22 ವರ್ಷ ಆಯಿತು. ಬ್ಲೌಸ್ ಹೊಲಿಯುವವಳಿಗೆ ಛಂದಸ್ಸಿನ ಕ್ಲಾಸಿನಲ್ಲಿ ಏನು ಕೆಲಸ ಅಂತ ನನ್ನ ಗಂಡನೂ ಕೇಳಿದರು, ಗಿರಾಕಿಗಳೂ ಕೇಳಿದರು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮಗಳು ಹತ್ತನೇ ಕ್ಲಾಸು. ಕನ್ನಡ ಪೇಪರಿನಲ್ಲಿ ಒಂದು ಪದ್ಯದ ಸಾಲು ಕೊಟ್ಟು ಪ್ರಸ್ತಾರ (ಲಘು ಗುರುವಿನ ಗುರುತು) ಹಾಕಿ, ಗಣ ವಿಭಾಗ ಮಾಡಿ (ಸಾಲನ್ನು ಲೆಕ್ಕದ ತುಂಡುಗಳಾಗಿ ಬಿಡಿಸಿ), ಛಂದಸ್ಸಿನ ಹೆಸರು ಬರೆಯಿರಿ ಅನ್ನುತ್ತಾರೆ. ಅವಳು ಭಾಮಿನಿ ಷಟ್ಪದಿ ಅಂತ ಸರಿಯಾಗಿಯೇ ಬರೆಯುತ್ತಾಳೆ. ಹೆಂಗ ಗೊತ್ತಾತು ಅಂದರೆ "ಪುಸ್ತಕದಾಗ ಹಂಗ ಐತಿ ಮಮ್ಮಿ" ಅನ್ನುತ್ತಾಳೆ. ನಾನು ಪಿಯುಸಿ ಓದಿದವಳು. ಆಗ ನಾನೂ ಹಾಗೆಯೇ ಪಾಸಾದವಳು. ಯಮಾತಾರಾಜಭಾನಸಲಗಂ ಅನ್ನುವ ಗಣಗಳ ಸೂತ್ರ ಈಗಲೂ ಬಾಯಿಗೆ ಬರುತ್ತದೆ, ಅದರಿಂದ ಏನು ಮಾಡಬೇಕು ಅನ್ನುವುದು ಮರೆತೇಹೋಗಿದೆ.

ಅಷ್ಟರಲ್ಲಿ ನಮ್ಮ ಸೆಕ್ಟರ್‌ನ ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಒಂದು ಹಾಳೆ ಅಂಟಿಸಿದ್ದರು. ಒಂದೇ ಪದ್ಯ, ಆರು ಭಾನುವಾರ, ಫೀಸು 900 ರೂಪಾಯಿ, ಕೊನೆಯ ವಾರ ಬಾದಾಮಿ, ಬಸ್ ಖರ್ಚು ನಿಮ್ಮದು. ನನಗೆ ಅನುಮಾನ ಬಂತು. 900 ರೂಪಾಯಿ ಅಂದರೆ ನನಗೆ ಲೈನಿಂಗ್ ಹಾಕಿದ ಮೂರು ಬ್ಲೌಸ್. ಅಷ್ಟು ಕೊಟ್ಟರೆ ಕನಿಷ್ಠ ಒಂದು ಪುಸ್ತಕದಷ್ಟಾದರೂ ಪದ್ಯ ಸಿಗಬೇಕಲ್ವಾ? ಆದರೂ ಕಟ್ಟಿದೆ. ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ, ಅಡುಗೆ ಮಾಡಿಟ್ಟು ಹೋಗಬಹುದು ಅನ್ನುವುದೂ ಒಂದು ಕಾರಣ.

ಕ್ಲಾಸಿನ ಹೆಸರನ್ನೂ ಕಲಿಸಿದವರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಕೆಲವು ದೂರುಗಳಿವೆ, ನಾಳೆ ಅವರ ಮುಖ ನೋಡಬೇಕು.

ಜಾಗ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಪ್ಲಾಸ್ಟಿಕ್ ಕುರ್ಚಿ, ಒಂದೇ ಫ್ಯಾನು, ಫ್ಯಾನಿನ ಕೆಳಗಿನ ನಾಲ್ಕು ಕುರ್ಚಿಗೆ ಯಾವಾಗಲೂ ಪೈಪೋಟಿ. ಮೊದಲ ದಿನ 14 ಜನ ಇದ್ದೆವು. ಬಿ.ಎ. ಓದುವ ಹುಡುಗರು, ಇಬ್ಬರು ಶಾಲೆಯ ಟೀಚರುಗಳು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ನಾನು. ಕಲಿಸುವವರು ಕಾಲೇಜಿನಲ್ಲಿ ಕನ್ನಡ ಹೇಳಿ ನಿವೃತ್ತರಾದ ಮಾಸ್ತರರು. ನಡುವೆ ಚಹಾ ಕೊಡುತ್ತಾರೆ, ಫೀಸಿನಲ್ಲೇ ಸೇರಿದೆ. ಚಹಾ ಚೆನ್ನಾಗಿತ್ತು. ಶುಂಠಿ ಜಾಸ್ತಿ.

ಈಗ ಪದ್ಯಕ್ಕೆ ಬರುತ್ತೇನೆ. ಬಾದಾಮಿಯ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ಅಂತ ನೀವು ಹೆಸರು ಕೇಳಿರುತ್ತೀರಿ. ಸುಮಾರು ಕ್ರಿ.ಶ. 700ರ ಕಾಲದ್ದು. ಬಂಡೆಯ ಮೇಲೆ ಕೆತ್ತಿದ್ದಾರೆ. ಅದರಲ್ಲಿ ಸಂಸ್ಕೃತವೂ ಇದೆ, ಕನ್ನಡದ ಮೂರು ತ್ರಿಪದಿಗಳೂ (ಮೂರು ಸಾಲಿನ ಪದ್ಯಗಳು) ಇವೆ. ಕನ್ನಡದಲ್ಲಿ ಸಿಕ್ಕಿರುವ ಹಳೆಯ ತ್ರಿಪದಿಗಳು ಇವೇ ಅನ್ನುತ್ತಾರೆ. ಆ ಮೂರರಲ್ಲಿ ಮೊದಲನೆಯದು ನಮ್ಮ ಪಾಠ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿರುವವರಿಗೆ ಸಿಹಿ, ಕಾಟ ಕೊಡುವ ಕಲಿಗೆ ಮಾತ್ರ ಕಲಿಯುಗದ ವಿಪರೀತ ಮನುಷ್ಯ, ಇವನು ಮಾಧವನೇ ಹೊರತು ಬೇರೆ ಅಲ್ಲ. ಇಷ್ಟೇ ಪದ್ಯ. ಇಷ್ಟಕ್ಕೆ ಆರು ಭಾನುವಾರ.

ಮೊದಲ ದಿನ ಮಾಸ್ತರರು ಅರ್ಥವನ್ನೇ ಹೇಳಲಿಲ್ಲ. ಲಘು ಗುರು ಹಾಕಿಸಿದರು. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ. ಉದ್ದ ಅಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನದು ಗುರು. ಸೊನ್ನೆ ಇದ್ದರೆ ಗುರು. ಕೊನೆಯಲ್ಲಿ ಅರ್ಧಾಕ್ಷರ ಅಂಟಿಕೊಂಡರೂ ಗುರು. ಇದೆಲ್ಲ ಶಾಲೆಯಲ್ಲೇ ಇದೆ, ಹೊಸದೇನಿಲ್ಲ. ಹೊಸದು ಅಂದರೆ ಅವರು ಬರೆಯುವ ಮುಂಚೆ ಚಪ್ಪಾಳೆ ತಟ್ಟಿಸಿದ್ದು. ಲಘುವಿಗೆ ಒಂದು ತಟ್ಟು, ಗುರುವಿಗೆ ತಟ್ಟಿ ಕೈ ಹಿಡಿದುಕೊಳ್ಳುವುದು. ಟೀಚರಮ್ಮ ಒಬ್ಬರು ನಾಚಿಕೊಂಡರು. ಬ್ಯಾಂಕಿನ ಹಿರಿಯರಂತೂ ಭಜನೆಯಲ್ಲಿ ಕೂತವರ ಹಾಗೆ ಶುರು ಹಚ್ಚಿಕೊಂಡರು.

ಎರಡನೇ ಭಾನುವಾರ ಜಗಳ ಆಯಿತು. ನನಗೆ ಈ ಕ್ಲಾಸು ಇಷ್ಟವಾದದ್ದು ಅಲ್ಲಿಂದಲೇ.

ಮೊದಲು ಬೋರ್ಡಿನ ಮೇಲೆ ನಮ್ಮೆಲ್ಲರಿಗೂ ಗೊತ್ತಿರುವ ಬೀಸುವ ಹಾಡನ್ನು ಬರೆದರು. "ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ." ಬೆಳಗಾಗಿ ಐದು ಮಾತ್ರೆ, ನಾನೆದ್ದು ಐದು, ಯಾರ್ಯಾರ ಐದು, ನೆನೆಯಾಲಿ ಐದು. ಒಟ್ಟು 20. ಆಮೇಲೆ ಕೊನೆಯ ಸಾಲು, "ಎದ್ದೊಂದು ಗಳಿಗೆ ನೆನೆದೇನ." ಐದು, ಮೂರು, ಐದು. ಸರಿಯಾಗಿ ಮಡಿಕೆ ಹಾಕಿದ ಹಾಗೆ ಬಂತು. ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ಇದನ್ನು ಹಾಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಒಂದು ಮಾತ್ರೆಯೂ ತಪ್ಪುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ತ್ರಿಪದಿಗೆ ಮಾತ್ರೆ ಲೆಕ್ಕ ಹೀಗೆ ಅಂತ ಮಾಸ್ತರರು ಹೇಳಿದರು. ಮೊದಲ ಸಾಲು ಐದರ ನಾಲ್ಕು ಗಣ, ಅಂದರೆ 20. ಎರಡನೆಯದು ಐದು, ಮೂರು, ಐದು, ಐದು, ಅಂದರೆ 18. ಮೂರನೆಯದು ಐದು, ಮೂರು, ಐದು, ಅಂದರೆ 13.

ಆಮೇಲೆ ಶಾಸನದ ಪದ್ಯಕ್ಕೆ ಇದೇ ಲೆಕ್ಕ ಹಾಕಿ ಅಂತ ಹೇಳಿ ಚಹಾ ಕುಡಿಯಲು ಹೋದರು.

ಬರಲಿಲ್ಲ. ಯಾರಿಗೂ ಬರಲಿಲ್ಲ. ಸಾಧುಗೆ ಅಂದರೆ ನಾಲ್ಕು ಮಾತ್ರೆ. ಐದನೆಯದಕ್ಕೆ ಹೋದರೆ ಮುಂದಿನ "ಸಾ" ಎರಡು ಮಾತ್ರೆಯದು, ಕತ್ತರಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ಅಕ್ಷರವನ್ನು ಅರ್ಧ ಕತ್ತರಿಸಲು ಆಗಲ್ಲ. ಬ್ಯಾಂಕಿನ ಹಿರಿಯರು ಕಲ್ಲು ಕೆತ್ತಿದವನೇ ತಪ್ಪು ಮಾಡಿರಬೇಕು ಅಂದರು. ಒಬ್ಬ ಹುಡುಗ ಹೋದವನು ಮತ್ತೆ ಬರಲಿಲ್ಲ, ಆವತ್ತೇ ಕೊನೆ.

ನಾನು ಸುಮ್ನೆ ಇರದೆ ಸಾಲಿನ ಒಟ್ಟು ಕೂಡಿಸಿದೆ. ಬಟ್ಟೆ ಕತ್ತರಿಸುವ ಮುಂಚೆ ಒಟ್ಟು ಅಳತೆ ನೋಡುವುದು ನನ್ನ ಕೈಗೆ ಅಂಟಿದ ಚಾಳಿ. ಮೊದಲ ಸಾಲು 19 ಬಂತು. ಎರಡನೆಯದು 18. ಮೂರನೆಯದು 13. 18 ಮತ್ತು 13 ಸರಿಯಾಗಿ ಕೂತಿವೆ, ಮೊದಲನೆಯದು ಮಾತ್ರ ಒಂದು ಕಡಿಮೆ. ಒಂದು ಮಾತ್ರೆ ಎಲ್ಲಿ ಹೋಯಿತು?

ಜೆರಾಕ್ಸಿನಲ್ಲಿ ಹೋಗಿತ್ತು. ನಮಗೆ ಕೊಟ್ಟ ಹಾಳೆಯಲ್ಲಿ "ಮಾಧುರ್ಯಗೆ" ಅಂತ ಅಚ್ಚಾಗಿತ್ತು. ಅದು "ಮಾಧುರ್ಯಂಗೆ" ಆಗಬೇಕು. ಸೊನ್ನೆ ಬಿಟ್ಟುಹೋಗಿದೆ. ಸೊನ್ನೆ ಬಂದರೆ ಆ ಅಕ್ಷರ ಗುರು ಆಗುತ್ತದೆ, ಲೆಕ್ಕ 20 ಆಗುತ್ತದೆ. ಇದು ನನ್ನ ಮೊದಲ ದೂರು. 22 ಪುಟದ ಸ್ಪೈರಲ್ ನೋಟ್ಸಿನಲ್ಲಿ ಇಂಥ ತಪ್ಪು ನಾನೇ ಎಂಟು ಎಣಿಸಿದ್ದೇನೆ. ಬೇರೆ ವಿಷಯದ ಪಾಠವಾದರೆ ಕಾಗುಣಿತದ ತಪ್ಪು ನಡೆಯುತ್ತದೆ. ಅಕ್ಷರ ಎಣಿಸುವ ಪಾಠದಲ್ಲಿ ಸೊನ್ನೆ ಬಿಟ್ಟರೆ ಹೇಗೆ? ಹೇಳಿದ್ದಕ್ಕೆ ಮಾಸ್ತರರು "ಅಕ್ಕಾರ, ನೀವ ತಿದ್ದಿಕೊಡ್ರಿ" ಅಂದುಬಿಟ್ಟರು. ತಿದ್ದಿಕೊಟ್ಟೆ. ಫೀಸಿನಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಸೊನ್ನೆ ಸಿಕ್ಕ ಮೇಲೆ ನನಗೆ ತಡೆಯಲಾಗಲಿಲ್ಲ. 20, 18, 13. ಅಜ್ಜಿಯ ಹಾಡಿನ ಅಳತೆಯೇ! ಒಳಗಿನ ತುಂಡುಗಳು ಬೇರೆ, ಒಟ್ಟು ಅಳತೆ ಒಂದೇ. ಕ್ಲಾಸಿನ ಕಷ್ಟವನ್ನೆಲ್ಲ ನಾನೇ ಬಗೆಹರಿಸಿದೆ ಅಂತ ಆ ವಾರವಿಡೀ ಹೊಲಿಗೆ ಮಷಿನ್ ಮುಂದೆ ಹಿಗ್ಗಿದೆ.

ಮೂರನೇ ಭಾನುವಾರ ಮಾಸ್ತರರು ನನ್ನ ಹಿಗ್ಗು ಇಳಿಸಿದರು. "ಛಲೋ ಎಣಿಸೀರಿ. ಈಗ ಅದ ಬಂಡಿ ಮ್ಯಾಲಿನ ಮೂರನೇ ಪದ್ಯ ಎಣಿಸ್ರಿ" ಅಂದರು. ಅದು ಕಟ್ಟಿದ ಸಿಂಹದ ಪದ್ಯ:

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರವಿಚಾರಂ

ಕಟ್ಟಿಹಾಕಿದ ಸಿಂಹವನ್ನು ನಮಗೇನು ಕೆಡಕು ಅಂತ ಬಿಚ್ಚಿಬಿಟ್ಟವರ ಹಾಗೆ, ಇವನ ಶತ್ರುಗಳು ಕೆಟ್ಟರು, ಸತ್ತರು. ಎಣಿಸಿದೆ. 19, 20, 15. ಈ ಸಲ ಸೊನ್ನೆ ಎಲ್ಲೂ ಬಿಟ್ಟಿರಲಿಲ್ಲ, ಎರಡು ಸಲ ನೋಡಿದೆ. ಅಂದರೆ ಮೊದಲ ಪದ್ಯದಲ್ಲಿ 20, 18, 13 ಬಂದದ್ದು ಬರೀ ಅದೃಷ್ಟ. ಆ ಕಾಲದಲ್ಲಿ ಅಳೆಯುವ ಪಟ್ಟಿಯೇ ಬೇರೆ.

ಆ ಪಟ್ಟಿಯ ಹೆಸರು ಅಂಶ. ಇದನ್ನು ಮಗಳ ಶಾಲೆಯಲ್ಲಿ ಇಷ್ಟು ಬಿಡಿಸಿ ಹೇಳಿಕೊಟ್ಟಿಲ್ಲ, ನನಗೂ ಹೊಸದು. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಮಾತ್ರೆ ಲೆಕ್ಕದಲ್ಲಿ ಗುರು ಯಾವಾಗಲೂ ಎರಡು, ಲಘು ಯಾವಾಗಲೂ ಒಂದು. ಅಂಶದಲ್ಲಿ ಹಾಗಲ್ಲ. ಗಣದ ಮೊದಲ ಅಂಶದಲ್ಲಿ ಒಂದು ಗುರು ಬರಬಹುದು, ಇಲ್ಲವೇ ಎರಡು ಲಘು ಬರಬಹುದು. ಉಳಿದ ಅಂಶಗಳಲ್ಲಿ ಒಂದು ಗುರು ಆದರೂ ಸರಿ, ಒಂದೇ ಲಘು ಆದರೂ ಸರಿ. ಎರಡು ಅಂಶ ಇದ್ದರೆ ಬ್ರಹ್ಮಗಣ, ಮೂರು ಇದ್ದರೆ ವಿಷ್ಣುಗಣ, ನಾಲ್ಕು ಇದ್ದರೆ ರುದ್ರಗಣ. ಬ್ರಹ್ಮನಿಗೆ 4 ರೂಪ, ವಿಷ್ಣುವಿಗೆ 8, ರುದ್ರನಿಗೆ 16. ಎಂಟು ರೂಪದಲ್ಲಿ ಯಾವುದು ಬಂದರೂ ಅದು ವಿಷ್ಣುಗಣವೇ. ನಾಲ್ಕು ಮಾತ್ರೆಯದೂ ಇರಬಹುದು, ಆರು ಮಾತ್ರೆಯದೂ ಇರಬಹುದು. ಹಾಡುವವರು ಎಳೆದು, ಕುಗ್ಗಿಸಿ ಸರಿ ಮಾಡಿಕೊಳ್ಳುತ್ತಾರೆ. ಎಲಾಸ್ಟಿಕ್ ಹಾಕಿದ ಸೊಂಟಪಟ್ಟಿ ಅಂದುಕೊಳ್ಳಿ.

ತ್ರಿಪದಿಗೆ ಒಟ್ಟು 11 ಗಣ. ಸಾಲಿಗೆ ನಾಲ್ಕು, ನಾಲ್ಕು, ಮೂರು. ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವೆಲ್ಲ ವಿಷ್ಣು. ಹತ್ತನೇ ಶತಮಾನದ ನಾಗವರ್ಮ ಛಂದೋಂಬುಧಿ ಅನ್ನುವ ತನ್ನ ಛಂದಸ್ಸಿನ ಪುಸ್ತಕದಲ್ಲಿ ಈ ನಿಯಮವನ್ನು ಒಂದು ತ್ರಿಪದಿಯಲ್ಲೇ ಹೇಳಿದ್ದಾನೆ. "ರಸದಶಸ್ಥಾನ" ಅಂತ. ರಸ ಅಂದರೆ ಆರು, ದಶ ಅಂದರೆ ಹತ್ತು. ಬಂಡೆಯ ಪದ್ಯ ನಾಗವರ್ಮನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ನಿಯಮ ಬರೆಯುವ ಮುಂಚೆಯೇ ಅದನ್ನು ಪಾಲಿಸಿದವರು ಇದ್ದರು.

ಈಗ ಹಾಕಿ ನೋಡಿ. ಸಾಧುಗೆ | ಸಾಧು ಮಾ | ಧುರ್ಯಂಗೆ | ಮಾಧುರ್ಯಂ. ನಾಲ್ಕು ವಿಷ್ಣು. ಬಾಧಿಪ್ಪ ವಿಷ್ಣು. ಕಲಿಗೆ, ಮೂರು ಲಘು, ಬ್ರಹ್ಮ. ಇದು ಆರನೆಯದು! ಕಲಿಯುಗ ವಿಷ್ಣು, ವಿಪರೀತನ್ ವಿಷ್ಣು. ಮಾಧವ ವಿಷ್ಣು. ನೀತನ್, ಎರಡು ಗುರು, ಬ್ರಹ್ಮ. ಇದು ಹತ್ತನೆಯದು. ಪೆರನಲ್ಲ ವಿಷ್ಣು. ಮುಗಿಯಿತು. ಒಂದು ದಾರವೂ ಹೊರಗೆ ಉಳಿಯಲಿಲ್ಲ. ಸಿಂಹದ ಪದ್ಯವೂ ಹೀಗೇ ಕೂತುಕೊಂಡಿತು. ಬೋರ್ಡಿನ ಮೇಲೆ ಕೊನೆಯ ಗೆರೆ ಹಾಕಿದಾಗ ಬ್ಯಾಂಕಿನ ಹಿರಿಯರು "ಕೆತ್ತಿದಾಂವಂದ ತಪ್ಪಿಲ್ಲ ಬಿಡ್ರಿ" ಅಂತ ತಮ್ಮ ಮಾತು ವಾಪಸ್ ತಗೊಂಡರು.

ಎರಡನೇ ವಾರವೇ ಅಂಶದ ಲೆಕ್ಕ ಹೇಳಿಬಿಡಬಹುದಿತ್ತು. ಹೇಳದೆ ನಮ್ಮನ್ನು ಒಂದು ವಾರ ಒದ್ದಾಡಿಸಿದರು. ಒಬ್ಬ ಹುಡುಗ ಬಿಟ್ಟುಹೋದದ್ದು ಇದೇ ಕಾರಣಕ್ಕೆ. ಆದರೆ ಒದ್ದಾಡಿದವರಲ್ಲಿ ಯಾರೂ ಈಗ ಅದನ್ನು ಮರೆಯಲ್ಲ. ನನ್ನ ಬಳಿ ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ನಾನೂ ಮೊದಲ ತೋಳನ್ನು ತಪ್ಪಾಗಿಯೇ ಹೊಲಿಯಲು ಬಿಡುತ್ತೇನೆ. ಹಾಗಾಗಿ ಇದನ್ನು ದೂರಿನ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ನಾಲ್ಕನೇ ಭಾನುವಾರ ಪ್ರಾಸ. ಇದು ಸಪ್ಪೆಯಾಯಿತು. ಕನ್ನಡದ ಹಳೆಯ ಪದ್ಯದಲ್ಲಿ ಪ್ರಾಸ ಸಾಲಿನ ಕೊನೆಗಲ್ಲ, ಸಾಲಿನ ಎರಡನೇ ಅಕ್ಷರಕ್ಕೆ. ಸಾಧು, ಬಾಧಿ, ಮಾಧವ, ಎಲ್ಲದರಲ್ಲೂ ಎರಡನೆಯದು ಧ. ಹಿಂದೆ ದೀರ್ಘ ಇದ್ದರೆ ಗಜಪ್ರಾಸ. ಸಿಂಹದ ಪದ್ಯದಲ್ಲಿ ಕಟ್ಟಿ, ಬಿಟ್ಟ, ಕೆಟ್ಟ ಅಂತ ಟ್ಟ ಒತ್ತು ಬರುತ್ತದೆ, ಅದು ಹಯಪ್ರಾಸ. ಸಿಂಹದ ಪದ್ಯದಲ್ಲಿ ಕುದುರೆಯ ಪ್ರಾಸ ಅಂತ ಹುಡುಗರು ನಕ್ಕರು. ಆರು ಪ್ರಾಣಿಗಳ ಹೆಸರು ಬಾಯಿಪಾಠ ಮಾಡಿಸಿದರು, ಅಲ್ಲಿಗೆ ಮುಗಿಯಿತು. ಪ್ರಾಸ ಇಟ್ಟರೆ ಕಿವಿಗೆ ಏನಾಗುತ್ತದೆ, ಎರಡನೇ ಅಕ್ಷರಕ್ಕೇ ಏಕೆ ಇಟ್ಟರು ಅಂತ ಕೇಳಿದೆ. "ಅದು ಸಂಪ್ರದಾಯ" ಅಂದರು. ಆ ಉತ್ತರಕ್ಕೆ 150 ರೂಪಾಯಿ ಜಾಸ್ತಿ ಆಯಿತು ಅಂತ ಮನೆಗೆ ಬರುತ್ತಾ ಲೆಕ್ಕ ಹಾಕಿದೆ.

ಅವರು ಹೇಳದೆ ಬಿಟ್ಟದ್ದನ್ನು ನಾನೇ ಗುಳೇದಗುಡ್ಡದ ಖಣ ಕತ್ತರಿಸುವಾಗ ನೋಡಿದೆ. ಮೊದಲ ಸಾಲಿನಲ್ಲಿ ಧ ಬರೀ ಸಾಲಿನ ಆರಂಭದಲ್ಲಿಲ್ಲ. ಸಾಧು, ಸಾಧು, ಮಾಧುರ್ಯ, ಮಾಧುರ್ಯ, ನಾಲ್ಕು ಮಾತಿನಲ್ಲೂ ಎರಡನೇ ಅಕ್ಷರ ಧು. ಮಾತು ಒಂದು ಕಡೆ ಒಡೆಯುತ್ತದೆ, ಗಣ ಇನ್ನೊಂದು ಕಡೆ ಒಡೆಯುತ್ತದೆ. "ಸಾಧು ಮಾ" ಅಂತ ಗಣ ನಿಂತಾಗ "ಮಾ" ಒಬ್ಬಂಟಿಯಾಗಿ ಆಚೆ ಉಳಿಯುತ್ತದೆ. ಖಣದಲ್ಲಿ ಬುಟ್ಟಾ ಒಂದು ಲೆಕ್ಕದಲ್ಲಿ ಬರುತ್ತದೆ, ನಾವು ಕತ್ತರಿಸುವ ಗೆರೆ ಬೇರೆ ಲೆಕ್ಕದಲ್ಲಿ. ಎರಡೂ ಒಂದಕ್ಕೊಂದು ತಾಗದೆ ಓಡಿದರೆ ಬಟ್ಟೆಗೆ ಒಂದು ಓಟ ಬರುತ್ತದೆ. ತಾಗಿಸಿಬಿಟ್ಟರೆ ಚೌಕಟ್ಟು ಹಾಕಿದ ಹಾಗೆ ಬಿಗಿಯುತ್ತದೆ. ಸಿಂಹದ ಪದ್ಯ ಬಿಗಿದದ್ದು. ಅಲ್ಲಿ ಕಟ್ಟಿದ, ಕೆಟ್ಟೊದೇ ಎರಡೂ ಗಣದ ತಲೆಯಲ್ಲೇ ಬರುತ್ತವೆ. ಕಟ್ಟಿಹಾಕಿದ ಸಿಂಹಕ್ಕೆ ಅದೇ ಸರಿ ಅನ್ನಿಸಿತು.

ಐದನೇ ಭಾನುವಾರ ಆವರ್ತನೆ, ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಇಡೀ 900 ರೂಪಾಯಿ ಈ ಒಂದು ದಿನಕ್ಕೆ ಕೊಟ್ಟೆ ಅಂದುಕೊಂಡರೂ ನಷ್ಟವಿಲ್ಲ.

ಮಾಸ್ತರರು ಬೋರ್ಡಿನ ಮೇಲೆ ಬರೀ ಇಷ್ಟು ಬರೆದರು. ಸಾಧುಗೆ ಸಾಧು. ಮಾಧುರ್ಯಂಗೆ ಮಾಧುರ್ಯಂ. ಬಾಧಿಪ್ಪ ಕಲಿಗೆ... ಇಲ್ಲಿಗೆ ಸೀಮೆಸುಣ್ಣ ಇಟ್ಟು "ಮುಂದ ಏನ ಬರಬೇಕ?" ಅಂದರು. ಹಿಂದಿನ ಸಾಲಿನ ಹುಡುಗ ತಟ್ಟನೆ "ಕಲಿ" ಅಂದ. ಮಾಸ್ತರರು "ಕಲಿ" ಅಂತ ಬರೆದರು. ಆಮೇಲೆ ಅದಕ್ಕೇ ಅಂಟಿಸಿ "ಯುಗ ವಿಪರೀತನ್" ಅಂತ ಮುಗಿಸಿದರು.

ಕೋಣೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನನಗಂತೂ ಮೈ ಜುಂ ಅಂದಿತು.

ನೋಡಿ ಏನಾಯಿತು. ಒಳ್ಳೆಯದಕ್ಕೆ ಒಳ್ಳೆಯದು, ಸಿಹಿಗೆ ಸಿಹಿ ಅಂತ ಎರಡು ಸಲ ಹೇಳಿ ಕವಿ ನಮ್ಮ ಕಿವಿಗೆ ಅಭ್ಯಾಸ ಮಾಡಿಸಿದ. ಮೂರನೇ ಸಲ ಕಲಿಗೆ ಕಲಿ ಅಂತ ಕಿವಿ ತಾನೇ ತುಂಬಿಸಿಕೊಳ್ಳುತ್ತದೆ. ಅವನು ಕಲಿ ಅಂತ ಶುರುಮಾಡಿಯೂ ಬಿಡುತ್ತಾನೆ. ಅಷ್ಟರಲ್ಲಿ ತಿರುಗಿಸುತ್ತಾನೆ. ಕೆಟ್ಟದ್ದಕ್ಕೆ ಅರಭಟ್ಟ ಕೆಟ್ಟದ್ದಾಗಲ್ಲ, ಅದಕ್ಕೆ ವಿಪರೀತ ಆಗುತ್ತಾನೆ. ಕನ್ನಡದಲ್ಲಿ ಕಲಿ ಅಂದರೆ ಶೂರ ಅನ್ನುವ ಅರ್ಥವೂ ಇದೆ, ಅದೂ ಕಿವಿಯಲ್ಲಿ ಒಂದು ಸುತ್ತು ಹಾಕಿ ಹೋಗುತ್ತದೆ. ಇನ್ನೊಂದು ವಿಷಯ. ಇದು ನಡೆಯುವ ಜಾಗ ಆರನೇ ಗಣ. ಐದು ಗಣ ಮೂರು ಮೂರು ಅಂಶ ನಡೆದು ಬಂದು, ಆರನೆಯದರಲ್ಲಿ ಎರಡೇ ಅಂಶಕ್ಕೆ ಕಾಲು ಗಿಡ್ಡವಾಗುತ್ತದೆ. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಗಿಡ್ಡ ಇದ್ದರೆ ಜೋಲಿ ತಪ್ಪಿದಂತೆ ಆಗುತ್ತದಲ್ಲ, ಹಾಗೆ. ಜೋಲಿ ತಪ್ಪುವ ಆ ಮೆಟ್ಟಿಲ ಮೇಲೇ "ಕಲಿಗೆ" ಇಟ್ಟಿದ್ದಾನೆ. ಛಂದಸ್ಸು ಎಡವುವ ಜಾಗ, ಮಾತು ತಿರುಗುವ ಜಾಗ, ಎರಡೂ ಒಂದೇ.

ಇಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಬಿ.ಎ. ಹುಡುಗ ಮೆಲ್ಲಗೆ ಕೈ ಎತ್ತಿದ. ಐದು ವಾರದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಸರ್, ಮೂರೂ ಪದ್ಯದಾಗ ಆರನೇ ಗಣ ಕಲಿಗೆನ ಐತ್ರಿ" ಅಂದ. ಎಲ್ಲರೂ ನೋಟ್ಸ್ ತಿರುವಿದೆವು. ಬಾಧಿಪ್ಪ ಕಲಿಗೆ. ಬಲ್ಲಿತ್ತು ಕಲಿಗೆ. ಬಿಟ್ಟವೋಲ್ ಕಲಿಗೆ. ನಿಜ! ಮೂರು ಪದ್ಯ, ಮೂರರಲ್ಲೂ ಎರಡನೇ ಸಾಲಿನ ಎರಡನೇ ಗಣ, ಅದೇ ಮಾತು, ಅದೇ ಗಿಡ್ಡ ಮೆಟ್ಟಿಲು. ಅದರ ಬೆನ್ನಿಗೆ ಮೂರರಲ್ಲೂ ವಿಪರೀತ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು "ಇದು ನನ್ನ ನೋಟ್ಸ್‌ನಾಗ ಇಲ್ಲಪ್ಪಾ" ಅಂದರು. ಹಾಗೆ ಒಪ್ಪಿಕೊಂಡದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಜೆರಾಕ್ಸ್ ಸೊನ್ನೆಯನ್ನು ಅರ್ಧ ಕ್ಷಮಿಸಿದೆ.

ಆಮೇಲೆ ಹಾಡಿಸಿದರು. ತ್ರಿಪದಿ ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಎರಡನೇ ಸಾಲನ್ನು ಮೂರು ಗಣದವರೆಗೆ ಹಾಡಿ ನಿಲ್ಲಿಸುವುದು, ಮತ್ತೆ ಅದನ್ನೇ ಮೊದಲಿನಿಂದ ಹಾಡಿ ಪೂರ್ತಿ ಮಾಡುವುದು, ಆಮೇಲೆ ಮೂರನೆಯದು. "ಬಾಧಿಪ್ಪ ಕಲಿಗೆ ಕಲಿಯುಗ" ಅಂತ ನಿಂತು, "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್." ನಾಲ್ಕು, ಮೂರು, ನಾಲ್ಕು, ಮೂರು. ಸಾಂಗತ್ಯ ಅನ್ನುವ ಹಾಡುಗಬ್ಬದ ಛಂದಸ್ಸಿನಲ್ಲೂ ಸಾಲಿಗೆ ಗಣದ ಎಣಿಕೆ ಇಷ್ಟೇ, ಅದು ಹುಟ್ಟಿದ್ದು ತ್ರಿಪದಿಯ ಈ ಹಾಡಿಕೆಯಿಂದಲೇ ಅನ್ನುತ್ತಾರೆ. ಅಜ್ಜಿ ಬೀಸುವಾಗ ನಡುವಿನ ಸಾಲನ್ನು ಎರಡು ಸಲ ಹೇಳುತ್ತಿದ್ದದ್ದು ನೆನಪಾಯಿತು. ಕೈ ಸೋತಿರಬೇಕು, ಅದಕ್ಕೇ ಹೇಳಿದ್ದನ್ನೇ ಹೇಳುತ್ತಾಳೆ ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಈ ಪದ್ಯದಲ್ಲಿ ಹಾಗೆ ಹಾಡಿದರೆ ಮೊದಲ ಸಲ ಕಲಿಯುಗಕ್ಕೇ ನಿಲ್ಲುತ್ತದೆ, ವಿಪರೀತ ಏನು ಅಂತ ಕಾಯಿಸುತ್ತದೆ. ಎರಡನೇ ಸಲ ಬಿಚ್ಚಿಕೊಳ್ಳುತ್ತದೆ.

ಆರನೆಯದು ಬಾದಾಮಿ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಸಿಟ್ಟು ಬರುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಡುವುದು ಅಂದರು, ಹೊರಟದ್ದು ಒಂಬತ್ತೂವರೆಗೆ. ಬಾದಾಮಿ ಮುಟ್ಟಿ ಮೊದಲು ಗುಹೆ ನೋಡೋಣ ಅಂದರು. ಗುಹೆ ನಾವೆಲ್ಲ ಶಾಲೆಯಿಂದಲೇ ಎಷ್ಟು ಸಲ ನೋಡಿದ್ದೇವೆ! ಅಗಸ್ತ್ಯ ತೀರ್ಥದ ಆಚೆ ದಡ ಹಿಡಿದು, ತಟ್ಟುಕೋಟೆಯ ಕಡೆಯ ಬಂಡೆಯ ಹತ್ತಿರ ಹೋಗುವಷ್ಟರಲ್ಲಿ ನಡುಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲಿದ್ದರೆ ಕೆತ್ತಿದ ಅಕ್ಷರದಲ್ಲಿ ನೆರಳು ಬೀಳಲ್ಲ, ಬಂಡೆ ಬೋಳು ಕಾಣಿಸುತ್ತದೆ. ಓರೆ ಬಿಸಿಲಿನಲ್ಲಿ ಹೋಗಬೇಕಿತ್ತು. ಇದು ಹೇಳಿಕೊಡಬೇಕಾದ ಮಾತೇ? ರೊಟ್ಟಿ ಶೇಂಗಾ ಚಟ್ನಿಯ ಗಂಟು ಬಿಚ್ಚುವ ಮೊದಲೇ ಒಂದು ಮಂಗ ಟೀಚರಮ್ಮನ ಚುರುಮರಿ ಪೊಟ್ಟಣ ಎತ್ತಿಕೊಂಡು ಹೋಯಿತು. ಅದಕ್ಕೆ ಕ್ಲಾಸಿನವರನ್ನು ಬೈಯುವ ಹಾಗಿಲ್ಲ.

ಆದರೂ ಬಂಡೆಯ ಮುಂದೆ ನಿಂತದ್ದು ನಿಜ. ಲಿಪಿ ಹಳೆಯದು, ನನಗೆ ಒಂದು ಅಕ್ಷರವೂ ಓದಲು ಬರಲಿಲ್ಲ. 1881ರಲ್ಲೇ ಫ್ಲೀಟ್ ಅನ್ನುವ ಶಾಸನ ಪಂಡಿತ ಇದನ್ನು ಓದಿ ಪ್ರಕಟಿಸಿದ ಅಂತ ಮಾಸ್ತರರು ಹೇಳುತ್ತಿದ್ದರು. ನಾನು ಬೇರೆಯದನ್ನು ನೋಡುತ್ತಿದ್ದೆ. ಕಲ್ಲಿನ ಮೇಲೆ ಪದ್ಯ ಮೂರು ಮೂರು ಸಾಲಾಗಿ ಇಲ್ಲ. ಸಂಸ್ಕೃತದ್ದೂ ಸೇರಿ ಐದೂ ಪದ್ಯವನ್ನು ಒಟ್ಟಿಗೆ ಹತ್ತು ಸಾಲಿನಲ್ಲಿ ಹೊಂದಿಸಿ ಕೆತ್ತಿದ್ದಾರೆ. ಎಲ್ಲಿ ನಿಲ್ಲಬೇಕು ಅಂತ ಕಲ್ಲು ತೋರಿಸಲ್ಲ. ಕಿವಿಯೇ ಹುಡುಕಿಕೊಳ್ಳಬೇಕು. ಸಾಧು, ಬಾಧಿ, ಮಾಧ ಅಂತ ಎರಡನೇ ಅಕ್ಷರ ಬಡಿದಾಗ ಹೊಸ ಸಾಲು ಶುರುವಾಯಿತು ಅಂತ ತಿಳಿಯುತ್ತದೆ. ಪ್ರಾಸವನ್ನು ಸಾಲಿನ ತಲೆಗೇ ಏಕೆ ಇಟ್ಟರು ಅನ್ನುವ ನನ್ನ ಪ್ರಶ್ನೆಗೆ ಒಂದು ಉತ್ತರ ಅಲ್ಲಿ ಸಿಕ್ಕಿತು. ನನ್ನ ಉತ್ತರ ಅದು, ಮಾಸ್ತರರದ್ದಲ್ಲ. ಅವರಿಗೆ ಹೇಳಿದೆ. "ಇರಬಹುದು ಅಕ್ಕಾರ" ಅಂದು ಛತ್ರಿ ಬಿಚ್ಚಿಕೊಂಡರು.

ಮಗಳ ವಿಷಯ. ಈ ಕ್ಲಾಸಿನಿಂದ ಅವಳ ಪರೀಕ್ಷೆಗೆ ನೇರ ಉಪಯೋಗ ಕಡಿಮೆ. ಪರೀಕ್ಷೆಯ ಅಂಕಕ್ಕಾಗಿ ಹೋಗುವವರು ಹೋಗಬೇಡಿ. ಶಾಲೆಯವರು ಕೇಳುವ ಕಂದ, ಷಟ್ಪದಿ, ಉತ್ಪಲಮಾಲೆ ಇಲ್ಲಿ ಬರುವುದೇ ಇಲ್ಲ. ಆದರೆ ಭಾಮಿನಿಯ ಸಾಲನ್ನು ಅವಳ ಕೈಯಲ್ಲಿ ಚಪ್ಪಾಳೆ ತಟ್ಟಿಸಿದೆ. ಮೂರು, ನಾಲ್ಕು, ಮೂರು, ನಾಲ್ಕು. ನಾಲ್ಕನೇ ಸಲಕ್ಕೆ ಪುಸ್ತಕ ನೋಡದೆ ಗೆರೆ ಹಾಕಿದಳು.

ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ಮೂರೂವರೆ ಕೊಡುತ್ತೇನೆ. ಐದನೇ ಭಾನುವಾರಕ್ಕೆ ಮಾತ್ರ ಐದಕ್ಕೆ ಐದು. ನೋಟ್ಸಿಗೆ ಒಂದು. 14 ಜನರಲ್ಲಿ ಕೊನೆಗೆ ಉಳಿದದ್ದು 9 ಜನ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಬ್ಯಾಚು ದಸರಾ ಆದ ಮೇಲೆ, ಪದ್ಯ ಬೇರೆಯಂತೆ. ಸೇರುವವರು ಎರಡು ಕೆಲಸ ಮಾಡಿ. ಕೊಟ್ಟ ಹಾಳೆಯನ್ನು ಬೋರ್ಡಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಸೊನ್ನೆ ಎಣಿಸಿಕೊಳ್ಳಿ. ಪೆನ್ನು ಬೇಡ, ಪೆನ್ಸಿಲ್ ಮತ್ತು ರಬ್ಬರ್ ತಗೊಂಡು ಹೋಗಿ. ಪೆನ್ನಿನಲ್ಲಿ ಗೆರೆ ಎಳೆದ ನನ್ನ ಮೊದಲ ನಾಲ್ಕು ಪುಟ ಈಗ ಬ್ಲೌಸ್ ಪ್ಯಾಟರ್ನ್ ಕತ್ತರಿಸಲು ಹೋಗಿವೆ.